ಒಂಟಿ ನಡಿಗೆಗೆ ಊರು ಕೇಳುವ ಪ್ರಶ್ನೆ

ಈ ಹೊತ್ತು ನಾನು ಮಾತಾಡಬೇಕೆಂದಿರುವುದು ನಡಿಗೆಯ ವಿಚಾರ. ಡಾಕ್ಟರು ಬರೆದುಕೊಟ್ಟ ಬೆಳಗಿನ ನಡಿಗೆಯ ಮಾತು ಬೇರೆ. ಹರಕೆ ಹೊತ್ತು ಗುಂಪು ಕಟ್ಟಿಕೊಂಡು ಹೋಗುವ ಪಾದಯಾತ್ರೆಯ ಮಾತೂ ಬೇರೆ. ಬರೆಯುವ ಮನುಷ್ಯನೊಬ್ಬ ಹೆಗಲಿಗೊಂದು ಚೀಲ ಹಾಕಿಕೊಂಡು, ಜೊತೆಗೆ ಯಾರೂ ಇಲ್ಲದೆ, ಊರಿಂದ ಊರಿಗೆ ದಿನಗಟ್ಟಲೆ ನಡೆಯುತ್ತಾನಲ್ಲ, ಆ ನಡಿಗೆಯ ಬಗ್ಗೆ ನಾಲ್ಕು ಮಾತು.

ಮಾತಿಗೆ ನೆಲ ಬೇಕು. ಅದಕ್ಕೆ ಅಜ್ಜಂಪುರ, ತರೀಕೆರೆ, ಕಡೂರುಗಳನ್ನು ಆರಿಸಿಕೊಂಡಿದ್ದೇನೆ. ಮೂರೂ ಚಿಕ್ಕಮಗಳೂರು ಜಿಲ್ಲೆಯ ತಾಲ್ಲೂಕುಗಳು. 1947ರವರೆಗೆ ಇಡೀ ಜಿಲ್ಲೆಗೇ ಕಡೂರು ಜಿಲ್ಲೆ ಎಂಬ ಹೆಸರಿತ್ತು. ಅಜ್ಜಂಪುರ ಮೊನ್ನೆ ಮೊನ್ನೆಯವರೆಗೆ ತರೀಕೆರೆ ತಾಲ್ಲೂಕಿನೊಳಗಿತ್ತು. ಈಗ ಅದೂ ಒಂದು ತಾಲ್ಲೂಕು.

ನೀವು ರೇಡಿಯೋ ಮುಂದೆ ಇದ್ದೀರಿ, ನಕಾಶೆ ತೋರಿಸಲಾರೆ. ಬಾಯಲ್ಲೇ ಬಿಡಿಸುತ್ತೇನೆ. ಬಾಬಾಬುಡನ್ ಬೆಟ್ಟಸಾಲು ಕುದುರೆಯ ಲಾಳದ ಹಾಗೆ ಬಾಗಿ ನಿಂತಿದೆ. ಹಳಬರು ಇದನ್ನು ಚಂದ್ರದ್ರೋಣ ಪರ್ವತ ಎನ್ನುತ್ತಾರೆ. ಲಾಳದ ಒಳಗೆ ಕಾಡು, ಕಾಫಿ ತೋಟ, ಜಾಗರ ಕಣಿವೆ. ಲಾಳದ ಹೊರಗೆ, ಉತ್ತರದ ಕಡೆ ತರೀಕೆರೆ. ಪೂರ್ವದ ಬಯಲಿನಲ್ಲಿ ಕಡೂರು. ಇವೆರಡಕ್ಕೂ ಆಚೆ, ಈಶಾನ್ಯಕ್ಕೆ ಅಜ್ಜಂಪುರ. ಮೂರು ಊರಿನ ನಡುವೆ ಬೀರೂರು ಜಂಕ್ಷನ್.

ನಾನು ಹೇಳುವ ದಾರಿ ಹೀಗಿದೆ. ಅಜ್ಜಂಪುರದಿಂದ ಹೊರಟು ಅಮೃತಾಪುರದ ಮೇಲೆ ತರೀಕೆರೆ. ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಲಿಂಗದಹಳ್ಳಿ. ಮುಂದೆ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿ. ಮತ್ತೆ ಬೆಟ್ಟ ಇಳಿದು, ಪೂರ್ವದ ತಪ್ಪಲು ಹಿಡಿದು ಅಯ್ಯನಕೆರೆ, ಮದಗದ ಕೆರೆ. ಕೊನೆಗೆ ಕಡೂರು. ಎಲ್ಲ ಸೇರಿ ನೂರಿಪ್ಪತ್ತು ಕಿಲೋಮೀಟರಿನ ಆಸುಪಾಸು. ಅವಸರ ಮಾಡದೆ ನಡೆದರೆ ಒಂದು ವಾರದ ದಾರಿ.

ನಾನು ಹೇಳುವ ಮಾತು ಒಂದೇ. ಒಂಟಿಯಾಗಿ ನಡೆಯುವವನು ಉತ್ತರ ಕೊಡಬೇಕಾಗುತ್ತದೆ. ಬಸ್ಸಿನಲ್ಲಿ ಹೋಗುವವನಿಗೆ ಈ ಕಟ್ಟುಪಾಡಿಲ್ಲ. ಟಿಕೆಟ್ ತೆಗೆದುಕೊಂಡರೆ ಅವನ ಋಣ ಮುಗಿಯಿತು. ನಡೆಯುವವನನ್ನು ಮೊದಲು ನೆಲ ಪ್ರಶ್ನಿಸುತ್ತದೆ. ಆಮೇಲೆ ಜನ ಪ್ರಶ್ನಿಸುತ್ತಾರೆ. ಕಡೆಗೆ, ಅವನು ಹೊರಟುಹೋದ ಮೇಲೆ, ಅವನು ಆಡಿದ ಮಾತೇ ಅವನನ್ನು ಪ್ರಶ್ನಿಸುತ್ತದೆ. ಈ ಮೂರನ್ನೂ ಒಂದೊಂದಾಗಿ ನೋಡೋಣ.

ಮೊದಲು ನೆಲದ ಮಾತು.

ಅಜ್ಜಂಪುರದಿಂದ ತರೀಕೆರೆಗೆ ರೈಲಿನಲ್ಲಿ ಹೋಗಬೇಕಾದರೆ ಬೀರೂರಿಗೆ ಬರಬೇಕು. ಅಜ್ಜಂಪುರ ಇರುವುದು ಬೆಂಗಳೂರು–ಹುಬ್ಬಳ್ಳಿ ಹಳಿಯ ಮೇಲೆ. ತರೀಕೆರೆ ಇರುವುದು ಶಿವಮೊಗ್ಗದ ಹಳಿಯ ಮೇಲೆ. ಬೀರೂರು–ಶಿವಮೊಗ್ಗ ಹಳಿ 1899ರಷ್ಟು ಹಳೆಯದು. ಅಂದರೆ ರೈಲಿನ ಲೆಕ್ಕದಲ್ಲಿ ಈ ಎರಡು ಊರುಗಳು ಬೆನ್ನು ತಿರುಗಿಸಿ ಕೂತಿವೆ. ಕಾಲಿನ ಲೆಕ್ಕದಲ್ಲಿ ಹಾಗಿಲ್ಲ. ಸುಮಾರು ಇಪ್ಪತ್ತೈದು ಕಿಲೋಮೀಟರ್, ಒಂದು ಹಗಲಿನ ನಡಿಗೆ. ಸಂತೆಗೆ, ಜಾತ್ರೆಗೆ, ಹೆಣ್ಣು ಕೊಡುವುದಕ್ಕೆ, ತರುವುದಕ್ಕೆ ಈ ಎರಡು ಊರುಗಳ ನಡುವೆ ಜನ ನಡೆದದ್ದು ರೈಲು ಬರುವುದಕ್ಕೆ ಎಷ್ಟೋ ಕಾಲ ಮೊದಲೇ.

ಅಜ್ಜಂಪುರದ ಸುತ್ತ ಕಪ್ಪು ನೆಲವಿದೆ, ಈರುಳ್ಳಿ ಹೊಲಗಳಿವೆ. ಇವುಗಳ ಜೊತೆಗೆ ಕಾವಲುಗಳಿವೆ. ಕಾವಲು ಎಂದರೆ ಬೇಲಿಯಿಲ್ಲದ ಹುಲ್ಲುಗಾವಲು. ಬೇಸಿಗೆಯಲ್ಲಿ ನೋಡಿದವರು ಬೀಳುಭೂಮಿ ಎಂದುಕೊಳ್ಳುತ್ತಾರೆ. ಅದು ಬೀಳಲ್ಲ. ಅಮೃತಮಹಲ್ ದನಗಳ ಮನೆ. ಮೈಸೂರು ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಇಲಾಖೆ ಇತ್ತು. ಅರಮನೆಗೆ ಹಾಲು, ಬೆಣ್ಣೆ ಒದಗಿಸುವುದು ಅದರ ಕೆಲಸ. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಹೈದರ್, ಟಿಪ್ಪು ಇಬ್ಬರೂ ಈ ಎತ್ತುಗಳಿಂದ ಫಿರಂಗಿ ಎಳೆಸಿದರು. ಹೈದರನ ದಂಡು ಚಿದಂಬರಕ್ಕೆ ಎರಡೂವರೆ ದಿನದಲ್ಲಿ ನೂರು ಮೈಲಿ ಓಡಿತು ಎಂಬ ಮಾತು ಪ್ರಸಿದ್ಧ. ಆ ಓಟದ ಹಿಂದೆ ಇದ್ದದ್ದು ಈ ತಳಿಯ ಕಾಲುಗಳು. ಇವತ್ತಿಗೂ ಅಜ್ಜಂಪುರದಲ್ಲಿ ಸರ್ಕಾರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಕರುಗಳ ಹರಾಜಿಗೆ ದೂರದೂರದ ರೈತರು ಬರುತ್ತಾರೆ.

ಹಿಂದೆ ಈ ಕಾವಲುಗಳಿಗೆ ಕಾಲದ ಲೆಕ್ಕವಿತ್ತು. ಮಳೆಗಾಲದ ಕಾವಲು ಬೇರೆ, ಚಳಿಗಾಲದ್ದು ಬೇರೆ, ಬೇಸಿಗೆಯದು ಬೇರೆ. ಮಂದೆ ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುತ್ತಿತ್ತು. ಎಲ್ಲಿ ಯಾವಾಗ ಹುಲ್ಲು, ಎಲ್ಲಿ ಯಾವಾಗ ನೀರು ಎಂಬುದು ದನಕ್ಕೂ ಗೊತ್ತಿತ್ತು, ದನ ಕಾಯುವವನಿಗೂ ಗೊತ್ತಿತ್ತು. ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಈಗ ಕೃಷ್ಣಮೃಗಗಳಿವೆ. ಏಳುನೂರು ಹೆಕ್ಟೇರಿಗೂ ಹೆಚ್ಚಿನ ಆ ಹುಲ್ಲುಗಾವಲನ್ನು 2011ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಬಸ್ಸಿನ ಕಿಟಕಿಯಿಂದ ಇದು ಎರಡು ನಿಮಿಷದ ಬಯಲು. ನಡೆಯುವವನಿಗೆ ಅರ್ಧ ದಿನದ ಪಾಠ. ಹುಲ್ಲಿನ ಎತ್ತರ ಎಲ್ಲಿ ಬದಲಾಯಿತು, ಮಣ್ಣು ಎಲ್ಲಿ ಕಪ್ಪಿನಿಂದ ಕೆಂಪಿಗೆ ತಿರುಗಿತು ಎಂದು ಅವನ ಕಾಲೇ ಗುರುತು ಹಿಡಿಯುತ್ತದೆ.

ಅಮೃತಾಪುರಕ್ಕೆ ಬನ್ನಿ. ತರೀಕೆರೆಗೆ ಇನ್ನು ಹತ್ತು ಕಿಲೋಮೀಟರಿನೊಳಗೆ. ಅಲ್ಲಿ ಅಮೃತೇಶ್ವರ ಗುಡಿ ಇದೆ. ಹೊಯ್ಸಳ ದೊರೆ ಎರಡನೆಯ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು, 1196ರಲ್ಲಿ. ಅಲ್ಲಿನ ಶಾಸನ ಬರೆದವನು ಕವಿಚಕ್ರವರ್ತಿ ಜನ್ನ. ‘ಯಶೋಧರ ಚರಿತೆ’ ಬರೆಯುವುದಕ್ಕೆ ಹತ್ತಕ್ಕೂ ಹೆಚ್ಚು ವರ್ಷ ಮೊದಲೇ ಅವನ ಪದ್ಯ ಇಲ್ಲಿ ಕಲ್ಲಿಗೆ ಏರಿದೆ. ರೂವಾರಿ ಮಲ್ಲಿತಮ್ಮ ಉಳಿ ಹಿಡಿದ ಮೊದಮೊದಲ ಗುಡಿಗಳಲ್ಲಿ ಇದೂ ಒಂದು.

ಈ ಗುಡಿಯ ಗೋಡೆಯ ಮೇಲೆ ಕಥೆಯ ಫಲಕಗಳಿವೆ. ಸುಮಾರು ನೂರನಲವತ್ತು. ದಕ್ಷಿಣದ ಗೋಡೆಗೆ ರಾಮಾಯಣ. ಉತ್ತರದ ಗೋಡೆಗೆ ಭಾಗವತ, ಮಹಾಭಾರತ. ಉತ್ತರದ ಕಥೆ ಪ್ರದಕ್ಷಿಣೆಯ ದಿಕ್ಕಿನಲ್ಲೇ ಸಾಗುತ್ತದೆ. ದಕ್ಷಿಣದ ರಾಮಾಯಣ ಅದಕ್ಕೆ ಎದುರಾಗಿ, ಅಪ್ರದಕ್ಷಿಣವಾಗಿ ಸಾಗುತ್ತದೆ. ಹಾಗೆ ಮಾಡುವುದು ಅಪರೂಪ. ನೀವು ರೂಢಿಯಂತೆ ಸುತ್ತು ಹಾಕಿದರೆ ರಾಮಾಯಣ ಹಿಂದುಮುಂದಾಗಿ ಸಿಗುತ್ತದೆ. ಕಥೆ ಬೇಕೆಂದರೆ ತಿರುಗಿ ನಡೆಯಬೇಕು. ಗಮನಿಸಿ, ಈ ಗೋಡೆಯ ಓದುಗ ನಡೆಯುವವನು ಎಂದು ಶಿಲ್ಪಿ ಮೊದಲೇ ತಿಳಿದಿದ್ದ. ನಿಂತು ಓದುವ ಪುಸ್ತಕವಲ್ಲ ಅದು. ಹೆಜ್ಜೆಗೊಂದು ಸಾಲು.

ತರೀಕೆರೆ ಬಂತು. ಇಲ್ಲಿಂದ ಕೆರೆ, ಅಡಿಕೆ, ತೆಂಗು. ಲಿಂಗದಹಳ್ಳಿ ದಾಟಿದರೆ ಏರು. ತರೀಕೆರೆ ಸಮುದ್ರಮಟ್ಟಕ್ಕೆ ಏಳುನೂರು ಮೀಟರ್ ಮೇಲಿದ್ದರೆ ಕೆಮ್ಮಣ್ಣುಗುಂಡಿ ಅದರ ಎರಡರಷ್ಟು, ಸಾವಿರದ ನಾನೂರು. ಬಯಲಿನ ಕಡೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ಆರುನೂರು ಮಿಲಿಮೀಟರ್. ಬೆಟ್ಟದ ನೆತ್ತಿಯಲ್ಲಿ ಅದರ ಹಲವು ಪಟ್ಟು. ಇಷ್ಟು ವ್ಯತ್ಯಾಸ ಒಂದು ದಿನದ ನಡಿಗೆಯೊಳಗೆ. ಬೆವರು ಆರಿ ಚಳಿ ಹತ್ತುವುದರೊಳಗೆ ಹವೆ ಬದಲಾಗಿರುತ್ತದೆ.

ಕೆಮ್ಮಣ್ಣುಗುಂಡಿ ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ತಂಗುದಾಣವಾಗಿತ್ತು. ಅದು ಅರಸರ ಕಥೆ. ದುಡಿದವರ ಕಥೆಯೂ ಇದೆ. ಭದ್ರಾವತಿಯ ಕಬ್ಬಿಣ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಈ ಗುಡ್ಡದಿಂದ. ಮೇಲಿನಿಂದ ತಣಿಗೆಬೈಲಿಗೆ ರೋಪ್‌ವೇ ಕಟ್ಟಿದ್ದರು. ತಂತಿಗೆ ನೇತುಬಿದ್ದ ತೊಟ್ಟಿಗಳಲ್ಲಿ ಅದಿರು ಇಳಿಯುತ್ತಿತ್ತು. ಬೆಟ್ಟದ ಕೆಂಪು ಮಣ್ಣನ್ನು ಕೂಲಿಯವರು ಅಗೆದು ಕೊಟ್ಟರು. ಆ ಮಣ್ಣು ಸೇತುವೆಯ ಸರಳಾಯಿತು, ಮನೆಯ ಕಂಬಿಯಾಯಿತು. ಇಂದು ಅಲ್ಲಿಗೆ ಹೋಗುವವರು ಹೂತೋಟ ನೋಡಿಕೊಂಡು ಬರುತ್ತಾರೆ. ನಡೆದು ಹೋದವನ ಪಂಚೆಯ ಅಂಚಿಗೆ ಅದಿರಿನ ಧೂಳು ಮೆತ್ತಿಕೊಂಡಿರುತ್ತದೆ.

ಬೆಟ್ಟದ ಮೇಲೆ ನಿಂತವನಿಗೆ ನೀರಿನ ಲೆಕ್ಕ ತಿಳಿಯುತ್ತದೆ. ಲಾಳದ ಒಳಮೈಗೆ ಬಿದ್ದ ಮಳೆ ಭದ್ರೆಗೆ ಹೋಗುತ್ತದೆ. ಪೂರ್ವದ ಹೊರಮೈಗೆ ಬಿದ್ದ ಮಳೆ ವೇದಾ, ಆವತಿ ಎಂಬ ಎರಡು ಹೊಳೆಗಳಾಗುತ್ತದೆ. ಒಂದು ಅಯ್ಯನಕೆರೆ ತುಂಬಿಸುತ್ತದೆ. ಇನ್ನೊಂದು ಮದಗದ ಕೆರೆ ತುಂಬಿಸುತ್ತದೆ. ಕಡೂರಿನ ಬಳಿ ಎರಡೂ ಕೂಡಿ ವೇದಾವತಿ. ಅದು ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗಿ, ಅಲ್ಲಿಂದ ಮುಂದೆ ಹಗರಿ ಎನಿಸಿಕೊಂಡು, ಬಳ್ಳಾರಿ ಸೀಮೆಯಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಬೆಟ್ಟದ ಒಂದೇ ಏಣಿನ ಮೇಲೆ ಬಿದ್ದ ಎರಡು ಹನಿ ಎರಡು ದಿಕ್ಕಿಗೆ ಹೋಗಿ, ನೂರಾರು ಮೈಲಿ ಸುತ್ತಿ, ಮತ್ತೆ ಒಂದೇ ನದಿಯಲ್ಲಿ ಕೂಡುತ್ತವೆ.

ಈಗ ಮನುಷ್ಯ ಇದಕ್ಕೆ ಇನ್ನೊಂದು ದಾರಿ ಸೇರಿಸಿದ್ದಾನೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರನ್ನು ಮೇಲೆತ್ತಿ, ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರಿನ ಸುರಂಗದ ಮೂಲಕ ವಾಣಿವಿಲಾಸ ಸಾಗರದ ಕಡೆಗೆ ಹರಿಸುತ್ತಾರೆ. 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಿತು. ಹಿಂದೆ ಬಿದ್ದದ್ದು 1933ರಲ್ಲಿ. 2022ರಲ್ಲಿ ಭಾರಿ ಮಳೆಯೂ ಇತ್ತು ಅನ್ನಿ. ಅಜ್ಜಂಪುರದಲ್ಲಿ ಹೊರಟವನ ಕಾಲ ಕೆಳಗೇ ಆ ನೀರು ಹೋಗುತ್ತಿರುತ್ತದೆ. ಬೆಟ್ಟ ಹತ್ತಿ ಇಳಿದು ಕಡೂರು ಮುಟ್ಟಿದ ಮೇಲೆಯೇ ಆ ಸುರಂಗದ ಅರ್ಥ ಅವನಿಗೆ ಪೂರ್ತಿ ಹತ್ತುವುದು.

ಇದುವರೆಗೆ ಹೇಳಿದ್ದು ಇಷ್ಟು. ನೆಲ ನಡೆಯುವವನನ್ನು ಕೇಳುತ್ತದೆ: ಈ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಈ ಹುಲ್ಲು ಯಾರದು, ಈ ಕೆಂಪು ಮಣ್ಣು ಏನಾಯಿತು? ಉತ್ತರ ಸಿಗದೆ ಬರೆಯಲು ಕೂತರೆ ಸಿಗುವುದು ಬರೀ ಹಸಿರು, ಬರೀ ಮಂಜು. ಅಂಥ ಬರಹ ಯಾವ ಬೆಟ್ಟಕ್ಕೂ ಹೊಂದುತ್ತದೆ. ಯಾವ ಬೆಟ್ಟಕ್ಕೂ ಹೊಂದುವ ಬರಹ ಈ ಬೆಟ್ಟದ್ದಲ್ಲ.

ಇನ್ನು ಎರಡನೆಯದು. ಜನ ಕೇಳುವ ಪ್ರಶ್ನೆ.

ಈ ಸೀಮೆಯಲ್ಲಿ ಒಬ್ಬನೇ ನಡೆದು ಹೋಗಿ ನೋಡಿ. ಮೊದಲ ಮೈಲಿಗಲ್ಲು ದಾಟುವುದರೊಳಗೆ ಕೇಳುತ್ತಾರೆ. “ಯಾವೂರಾಯ್ತು ಸ್ವಾಮೀ?” “ಯಾರ ಪೈಕಿ?” “ಎಲ್ಲಿಗ್ ಹೊಂಟಿದ್ದೀರಾ?” ಒಬ್ಬ ಬೈಕ್ ನಿಲ್ಲಿಸುತ್ತಾನೆ. “ಹತ್ತಿ ಸಾರ್, ಬಿಡ್ತೀನಿ” ಅನ್ನುತ್ತಾನೆ. ಬೇಡ, ನಡೆದೇ ಹೋಗುತ್ತೇನೆ ಎಂದರೆ ಅವನ ಮುಖದಲ್ಲಿ ಅನುಮಾನ. ಜಗುಲಿಯ ಮೇಲೆ ಕೂತ ಅಜ್ಜಿ ನೇರವಾಗಿಯೇ ಕೇಳುತ್ತಾಳೆ, “ಯಾಕಪ್ಪಾ, ಬಸ್ಸಿಗ್ ಕಾಸಿಲ್ವಾ?”

ಇದು ಕುತೂಹಲ ಮಾತ್ರವಲ್ಲ. ನಮ್ಮ ಹಳ್ಳಿಗಳಿಗೆ ನಡೆಯುವವರು ಹೊಸಬರೇನಲ್ಲ. ಆದರೆ ನಡೆಯುವ ಪ್ರತಿಯೊಬ್ಬನಿಗೂ ಒಂದು ಕಾರಣವಿತ್ತು, ಒಂದು ಗುರುತಿತ್ತು. ಕರಿ ಕಂಬಳಿ ಹೊದ್ದು, ಕೈಯಲ್ಲಿ ಡಮರು ಹಿಡಿದವನು ಮೈಲಾರನ ಗೊರವ. ಮಂದೆಯ ಹಿಂದೆ ಬಂದವನು ಕುರಿಯವನು. ಭಿಕ್ಷೆಗೆ ನಿಂತವನು ಜಂಗಮ. ಚಂದ್ರದ್ರೋಣದ ದಾರಿ ಕೇಳಿದವನು ಬಾಬಾಬುಡನ್ ದರ್ಗಾಕ್ಕೋ ದತ್ತಪೀಠಕ್ಕೋ ಹೊರಟ ಭಕ್ತ. ಇವರ ನಡುವೆ “ಸುಮ್ಮನೆ ನಡೀತಾ ಇದ್ದೀನಿ” ಎನ್ನುವವನು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಇಂಥವರಲ್ಲಿ ಇನ್ನೊಂದು ಗುಂಪನ್ನು ಬರೆಯುವವರು ವಿಶೇಷವಾಗಿ ನೆನೆಯಬೇಕು. ಹೆಳವರು. ಎತ್ತು ಹೊಡೆದುಕೊಂಡು ಊರೂರು ತಿರುಗುವವರು. ಒಕ್ಕಲು ಮನೆಯ ಮುಂದೆ ನಿಂತು ಆ ಮನೆಯ ವಂಶ ಹೇಳುತ್ತಾರೆ. ಅಪ್ಪ ಯಾರು, ಅಜ್ಜ ಯಾರು, ಮುತ್ತಜ್ಜ ಯಾವ ಊರು ಬಿಟ್ಟು ಇಲ್ಲಿಗೆ ಬಂದ, ಯಾವ ದೇವರ ಒಕ್ಕಲು. ಹೇಳಿದ್ದಕ್ಕೆ ಕಾಳುಕಡ್ಡಿ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ಮತ್ತೆ ಬಂದಾಗ ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಸೇರಿಸಿಕೊಳ್ಳುತ್ತಾರೆ. ತಪ್ಪು ಹೇಳಿದರೆ ಮನೆಯವರೇ ತಿದ್ದುತ್ತಾರೆ. ಹೆಳವನ ಮಾತಿಗೆ ಆ ಮನೆಯವರೇ ಸಾಕ್ಷಿ. ನಡೆದು ಬರೆಯುವವನಿಗೆ ಇದಕ್ಕಿಂತ ಗಟ್ಟಿ ಮಾದರಿ ಯಾವುದಿದೆ?

ಹೊರನಾಡಿನಲ್ಲೂ ಇಂಥ ಪ್ರಶ್ನೆ ತಪ್ಪಿಲ್ಲ. ಸ್ಕಾಟ್ಲೆಂಡಿನ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್ 1878ರಲ್ಲಿ ಫ್ರಾನ್ಸಿನ ಸೆವೆನ್ ಬೆಟ್ಟಗಳಲ್ಲಿ ನಡೆದ. ಜೊತೆಗಿದ್ದದ್ದು ಸಾಮಾನು ಹೊರುವ ಒಂದು ಕತ್ತೆ ಮಾತ್ರ. ಹನ್ನೆರಡು ದಿನದ ನಡಿಗೆ. ಮಾರನೆಯ ವರ್ಷ ಅದು ಪುಸ್ತಕವಾಯಿತು. ಅವನನ್ನೂ ಕಂಡವರು ತಿರುಗು ವ್ಯಾಪಾರಿಯೇ ಎಂದು ಕೇಳಿದರು. ಒಂಟಿಯಾಗಿ ಬಂದವನ ಹತ್ತಿರ ಮಾರುವುದಕ್ಕೆ ಏನೋ ಇರಬೇಕು ಎಂಬುದು ಎಲ್ಲ ಹಳ್ಳಿಗಳ ತರ್ಕ.

ನಮ್ಮಲ್ಲಿ ಇನ್ನೂ ಹಳೆಯ, ಇನ್ನೂ ದೊಡ್ಡ ಉದಾಹರಣೆ ಇದೆ. ಹನ್ನೆರಡನೆಯ ಶತಮಾನ. ಅಕ್ಕಮಹಾದೇವಿ. ಅವಳ ಊರು ಉಡುತಡಿ, ಇಂದಿನ ಶಿಕಾರಿಪುರ ತಾಲ್ಲೂಕು. ಅಲ್ಲಿಂದ ಕಲ್ಯಾಣಕ್ಕೆ, ಆಮೇಲೆ ಶ್ರೀಶೈಲಕ್ಕೆ. ಕನ್ನಡದಲ್ಲಿ ಬರೆಯುವವರೊಬ್ಬರು ಒಂಟಿಯಾಗಿ ನಡೆದ ಬಹುದೂರದ ದಾರಿ ಎಂದರೆ ನನಗೆ ಮೊದಲು ನೆನಪಾಗುವುದು ಅದೇ. ಅಷ್ಟು ದೂರ ನಡೆದು ಬಂದವಳನ್ನು ಕಲ್ಯಾಣದಲ್ಲಿ ಹೂಮಾಲೆ ಹಾಕಿ ಕರೆದುಕೊಳ್ಳಲಿಲ್ಲ. ಅಲ್ಲಮ ಪ್ರಶ್ನೆ ಕೇಳಿದ. ಕಟುವಾಗಿ ಕೇಳಿದ ಎಂದು ಶೂನ್ಯಸಂಪಾದನೆ ಹೇಳುತ್ತದೆ. ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ಆ ಉತ್ತರಗಳೇ ನಮಗೆ ಉಳಿದಿವೆ. ನಡೆದದ್ದಷ್ಟೇ ಆಗಿದ್ದರೆ ಅದು ದೇಹದ ಸಾಹಸವಾಗಿ ಮುಗಿಯುತ್ತಿತ್ತು.

ಹೆಣ್ಣಿನ ಮಾತು ಬಂದದ್ದರಿಂದ ಹೇಳುತ್ತೇನೆ. ಕಡೂರಿನಲ್ಲಿ 971ನೇ ಇಸವಿಯ ಒಂದು ಕಂಬದ ಶಾಸನವಿದೆ. ಗಂಗರ ಬೂತುಗನ ಅಕ್ಕ ಪಾಂಬಬ್ಬೆಯದು. ರಾಜಮನೆತನದ ಆ ಹೆಣ್ಣು ತಲೆಗೂದಲು ಕಿತ್ತುಕೊಂಡು 30 ವರ್ಷ ಜೈನ ತಪಸ್ವಿನಿಯಾಗಿ ಬಾಳಿ ತೀರಿಕೊಂಡಳು. ಬಿಟ್ಟು ನಡೆದ ಹೆಣ್ಣನ್ನು ಕಲ್ಲಿನ ಮೇಲೆ ಗೌರವಿಸಿದ ಊರು ಇದು. ಇದೇ ಊರಿನ ರಸ್ತೆಯಲ್ಲಿ ಇವತ್ತು ಬರೆಯುವ ಹುಡುಗಿಯೊಬ್ಬಳು ಚೀಲ ಹೆಗಲಿಗೇರಿಸಿ ಒಬ್ಬಳೇ ಹೊರಟರೆ? ಗಂಡಸಿಗೆ “ಎಲ್ಲಿಗೆ” ಎಂದು ಕೇಳಿದವರೇ ಅವಳಿಗೆ “ಯಾಕೆ ಒಬ್ಬಳೇ” ಎಂದು ಕೇಳುತ್ತಾರೆ. ಮೊದಲನೆಯದು ದಾರಿಯ ಪ್ರಶ್ನೆ. ಎರಡನೆಯದು ನಡತೆಯ ಪ್ರಶ್ನೆ. ಒಂಟಿ ನಡಿಗೆಯ ಸುಖವನ್ನು ಹೊಗಳುವ ಗಂಡಸು ಬರಹಗಾರರು ಈ ಅಂತರವನ್ನು ಮರೆಯಬಾರದು. ಆ ಸುಖದಲ್ಲಿ ಒಂದು ಪಾಲು ಪುಕ್ಕಟೆಯಾಗಿ ಸಿಕ್ಕದ್ದು.

ಜಾತಿಯ ಮಾತೂ ಹಾಗೇ. “ಯಾರ ಪೈಕಿ” ಎಂಬುದು ಎಷ್ಟೋ ಸಲ ಜಾತಿ ಕೇಳುವ ನಯವಾದ ರೀತಿ. ಉತ್ತರ ನೋಡಿಕೊಂಡು ನೀರು ಚೊಂಬಿನಲ್ಲಿ ಬರುತ್ತದೋ ಪ್ಲಾಸ್ಟಿಕ್ ಲೋಟದಲ್ಲಿ ಬರುತ್ತದೋ ನಿರ್ಧಾರವಾಗುವ ಜಗುಲಿಗಳು ಇನ್ನೂ ಇವೆ. ಕಾರಿನಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಹೋಗುವವನಿಗೆ ಇದು ಗೊತ್ತಾಗುವುದೇ ಇಲ್ಲ. ಬಾಯಾರಿ ನಿಂತವನಿಗೆ ಗೊತ್ತಾಗುತ್ತದೆ.

ಹಾಗಾದರೆ ಎರಡು ಮಾತು ಆಯಿತು. ನೆಲ ಕೇಳುತ್ತದೆ. ಜನ ಕೇಳುತ್ತಾರೆ. ಒಂಟಿಯಾಗಿರುವವನಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಗುಂಪಿನಲ್ಲಿ ಹೋದವರು ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಹೋಗಿಬಿಡುತ್ತಾರೆ. ಒಬ್ಬನೇ ಹೋದವನು ಊರಿನೊಂದಿಗೇ ಮಾತಾಡಬೇಕು. ಅದಕ್ಕೇ ನಾನು ಹೇಳುವುದು, ಒಂಟಿ ನಡಿಗೆಯಲ್ಲಿ ಏಕಾಂತಕ್ಕಿಂತ ಮಾತುಕತೆ ಹೆಚ್ಚು.

ಈಗ ಮೂರನೆಯದು. ಇದು ಎಲ್ಲಕ್ಕಿಂತ ಕಷ್ಟದ್ದು. ನಡೆದವನು ಬಿಟ್ಟುಹೋಗುವ ಮಾತು.

ನಡೆಯುವವನು ಏನನ್ನಾದರೂ ಬಿಟ್ಟೇ ಹೋಗುತ್ತಾನೆ. ಈ ಬೆಟ್ಟಕ್ಕೆ ಹೆಸರು ಬಂದದ್ದು ಬಾಬಾ ಬುಡನ್ ಎಂಬ ಸೂಫಿ ಸಂತನಿಂದ. ಹದಿನೇಳನೆಯ ಶತಮಾನದಲ್ಲಿ ಅವರು ಅರಬ್ಬೀ ನಾಡಿನಿಂದ ಏಳು ಕಾಫಿ ಬೀಜ ತಂದು ಇಲ್ಲಿ ಬಿತ್ತಿದರು ಎಂಬುದು ತಲೆಮಾರಿನಿಂದ ಬಂದ ಕಥೆ. ಏಳೋ ಎಷ್ಟೋ, ಒಬ್ಬ ಪಯಣಿಗ ತಂದ ಬೀಜದಿಂದ ಜಿಲ್ಲೆಯ ಬದುಕೇ ಬದಲಾಯಿತು. ಇದು ಒಳ್ಳೆಯ ಕಡೆಯ ಉದಾಹರಣೆ.

ಇನ್ನೊಂದು ಕಡೆಯ ಉದಾಹರಣೆಯನ್ನು ಅಜ್ಜಂಪುರದ ಲೇಖಕರೇ ಬರೆದಿಟ್ಟಿದ್ದಾರೆ. ಅಜ್ಜಂಪುರ ಸೀತಾರಾಂ. ‘ಆನಂದ’ ಎಂಬುದು ಅವರ ಕಾವ್ಯನಾಮ. ಹುಟ್ಟಿದ್ದು 1902ರಲ್ಲಿ. ಅವರ ‘ನಾನು ಕೊಂದ ಹುಡುಗಿ’ ಕಥೆಯನ್ನು ನಿಮ್ಮಲ್ಲಿ ಹಲವರು ಓದಿರಬಹುದು. ಓದದವರಿಗೆ ಸಂಕ್ಷೇಪವಾಗಿ ಹೇಳುತ್ತೇನೆ. ಕಥೆ ಹೇಳುವವನು ವಿದ್ಯಾವಂತ. ಶಿಲ್ಪಗಳನ್ನು ನೋಡುವುದಕ್ಕೆಂದು ಹಳ್ಳಿಗಾಡಿನಲ್ಲಿ ಒಬ್ಬನೇ ತಿರುಗುತ್ತಿರುತ್ತಾನೆ. ಒಂದು ಊರಿನಲ್ಲಿ ಒಳ್ಳೆಯ ಮನೆಯವರು ಇವನಿಗೆ ಊಟ, ವಸತಿ ಕೊಟ್ಟು ಆದರಿಸುತ್ತಾರೆ. ಆ ಮನೆಯ ಮಗಳು ಚೆನ್ನಿ. ಹರಕೆಯ ಕಾರಣಕ್ಕೆ ಅವಳನ್ನು ದೇವರಿಗೆ ಬಸವಿ ಬಿಟ್ಟಿದ್ದಾರೆ. ತನ್ನ ಪದ್ಧತಿಯಂತೆ ಅವಳು ಅತಿಥಿಯ ಬಳಿಗೆ ಬರುತ್ತಾಳೆ. ಅವನು ಅವಳನ್ನು ಮುಟ್ಟುವುದಿಲ್ಲ. ಬುದ್ಧಿ ಹೇಳುತ್ತಾನೆ. ಈ ಪದ್ಧತಿ ಪಾಪ ಎಂದು ಬಿಡಿಸಿ ಹೇಳುತ್ತಾನೆ. ಅವಳಿಗೆ ಅರ್ಥವಾಗುತ್ತದೆ. ಅರ್ಥವಾದ ಮೇಲೆ ಅವಳು ಬದುಕುವುದಿಲ್ಲ. ಪ್ರಾಣ ಕಳೆದುಕೊಳ್ಳುತ್ತಾಳೆ.

ಈ ಕಥೆಯನ್ನು ಸಾಮಾನ್ಯವಾಗಿ ಬಸವಿ ಪದ್ಧತಿಯ ವಿರುದ್ಧದ ಕಥೆ ಎಂದು ಓದುತ್ತೇವೆ. ಹಾಗೆ ಓದುವುದು ಸರಿಯೇ. ನಡೆಯುವ ಬರಹಗಾರನ ಕಣ್ಣಿನಿಂದಲೂ ಒಮ್ಮೆ ಓದಿ ನೋಡಿ. ಆ ಯುವಕ ಹೇಳಿದ ಮಾತು ಸುಳ್ಳಲ್ಲ. ಅವನ ಮನಸ್ಸೂ ಕೆಟ್ಟದ್ದಲ್ಲ. ಆದರೆ ಅವನು ಹೊರಟುಹೋಗುವವನು. ಅವಳು ಅಲ್ಲೇ ಇರಬೇಕಾದವಳು. ತನ್ನ ಸತ್ಯವನ್ನು ಒಂದು ರಾತ್ರಿಯಲ್ಲಿ ಅವಳ ಕೈಗೆ ಕೊಟ್ಟು ಅವನು ಹಗುರಾದ. ಆ ಸತ್ಯ ಹೊತ್ತುಕೊಂಡು ಮರುದಿನ ಬೆಳಿಗ್ಗೆ ಅದೇ ಮನೆಯಲ್ಲಿ ಎದ್ದು ಓಡಾಡಬೇಕಾದವಳು ಅವಳು. ಆನಂದರು ಕಥೆಗೆ ಇಟ್ಟ ಹೆಸರಿನಲ್ಲಿ ‘ನಾನು’ ಎಂಬುದು ಮೊದಲು ಬರುತ್ತದೆ. ಕೊಲೆಯ ಹೊಣೆಯನ್ನು ಆ ಪಯಣಿಗ ತನ್ನ ಮೇಲೆ ತಾನೇ ಹೊತ್ತುಕೊಳ್ಳುತ್ತಾನೆ.

ಇದರಿಂದ ಪಯಣಿಗ ಬಾಯಿ ಮುಚ್ಚಿಕೊಂಡಿರಬೇಕು ಎಂದು ತೀರ್ಮಾನಿಸಬೇಕೇ? ನನಗೆ ಹಾಗನ್ನಿಸುವುದಿಲ್ಲ. ಅನ್ಯಾಯ ಕಂಡೂ ಸುಮ್ಮನಿರುವುದು ಇನ್ನೊಂದು ಬಗೆಯ ತಪ್ಪಿಸಿಕೊಳ್ಳುವಿಕೆ. ಆದರೆ ಮಾತಾಡಿದ ಮೇಲೆ ಹೊರಟುಹೋಗುವ ಹಕ್ಕು ತುಸು ಕಡಿಮೆಯಾಗುತ್ತದೆ. ಮಾತಾಡಿದವನು ಮತ್ತೆ ಬರಬೇಕು. ಏನಾಯಿತು ಎಂದು ವಿಚಾರಿಸಬೇಕು.

ಹಾಗೆ ತಿರುಗಾಟವನ್ನೇ ವಿದ್ಯೆ ಮಾಡಿಕೊಂಡವರು ಈ ನೆಲದಿಂದಲೇ ಬಂದಿದ್ದಾರೆ. ರಹಮತ್ ತರೀಕೆರೆ ಹುಟ್ಟಿದ್ದು ತರೀಕೆರೆ ತಾಲ್ಲೂಕಿನ ಸಮತಳದಲ್ಲಿ. ಕರ್ನಾಟಕದ ಸೂಫಿಗಳ ಬಗ್ಗೆ, ನಾಥಪಂಥದ ಬಗ್ಗೆ, ಶಾಕ್ತಪಂಥದ ಬಗ್ಗೆ, ಮೊಹರಂ ಬಗ್ಗೆ ಅವರು ಪುಸ್ತಕ ಬರೆದರು. ‘ಕತ್ತಿಯಂಚಿನ ದಾರಿ’ ಎಂಬ ಅವರ ವಿಮರ್ಶಾ ಸಂಕಲನಕ್ಕೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಪಂಥಗಳ ಪುಸ್ತಕಗಳು ಗ್ರಂಥಾಲಯದಲ್ಲಷ್ಟೇ ಕೂತು ಬರೆಯಬಹುದಾದವಲ್ಲ. ದರ್ಗಾ, ಮಠ, ಗುಡಿ, ಗದ್ದುಗೆಗಳಿಗೆ ಹೋಗಿ, ಅಲ್ಲಿಯ ಜನರ ಪಕ್ಕದಲ್ಲಿ ಕೂತು, ಅವರ ಮಾತನ್ನು ಕೇಳಿ ಬರೆದವು. ಬರೆದವರ ಹೆಸರಿನ ಜೊತೆ ತರೀಕೆರೆ ಅಂಟಿಕೊಂಡೇ ಇದೆ. ಯಾವೂರಾಯ್ತು ಎಂದು ಯಾರೂ ಮತ್ತೆ ಕೇಳಬೇಕಾಗಿಲ್ಲ.

ಮೂರೂ ಮಾತನ್ನು ಒಟ್ಟಿಗೆ ಇಡುತ್ತೇನೆ. ನೆಲಕ್ಕೆ ಉತ್ತರ ಕೊಡಬೇಕು, ಅಂದರೆ ನೋಡಿದ್ದನ್ನು ತಿಳಿದು ಬರೆಯಬೇಕು. ಜನಕ್ಕೆ ಉತ್ತರ ಕೊಡಬೇಕು, ಅಂದರೆ ತಾನು ಯಾರು, ಯಾಕೆ ಬಂದೆ ಎಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ತನ್ನ ಮಾತಿಗೆ ಉತ್ತರ ಕೊಡಬೇಕು, ಅಂದರೆ ಹೊರಟುಹೋದ ಮೇಲೂ ಹೊಣೆ ಹೊರಬೇಕು.

ಇನ್ನು ಹೊರಡುವ ಮನಸ್ಸಿದ್ದವರಿಗೆ ಕೆಲವು ವ್ಯವಹಾರದ ಮಾತು. ದೀಪಾವಳಿ ಕಳೆದ ಮೇಲೆ ಹೊರಡಿ. ಶಿವರಾತ್ರಿಯೊಳಗೆ ಮುಗಿಸಿ. ಮಳೆಗಾಲದಲ್ಲಿ ಬೆಟ್ಟದ ದಾರಿಯಲ್ಲಿ ಜಿಗಣೆ, ಜಾರು, ಮಂಜು. ಬೇಸಿಗೆಯಲ್ಲಿ ಬಯಲಿನ ಬಿಸಿಲು ತಡೆಯಲಾಗದು. ಹೆದ್ದಾರಿ ಬಿಡಿ. ಲಾರಿಗಳ ನಡುವೆ ನಡೆಯುವುದು ಅಪಾಯ, ಅಲ್ಲಿ ಕಾಣುವುದೂ ಏನಿಲ್ಲ. ಹಳ್ಳಿಯಿಂದ ಹಳ್ಳಿಗೆ ಹೋಗುವ ದಾರಿ ಹಿಡಿಯಿರಿ.

ಕಾಡಿನೊಳಗೆ ಒಬ್ಬರೇ ನುಗ್ಗಬೇಡಿ. ಬೆಟ್ಟದ ಒಳಮೈಯ ಕಾಡು ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ಆನೆ, ಹುಲಿ, ಕಾಟಿಗಳ ಜಾಗ. ಅಲ್ಲಿ ಅನುಮತಿಯಿಲ್ಲದೆ ಕಾಲಿಡುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಕೇಡು. ಅದರೊಳಗಿದ್ದ ಹಳ್ಳಿಗಳ ನೂರಾರು ಕುಟುಂಬಗಳನ್ನು 2000ದ ಆಚೀಚಿನ ವರ್ಷಗಳಲ್ಲಿ ಹೊರಗೆ ತಂದು ನೆಲೆಗೊಳಿಸಿದರು. ಲಕ್ಕವಳ್ಳಿ ಬಳಿಯ ಎಂ.ಸಿ. ಹಳ್ಳಿಯಲ್ಲಿ ಅವರ ಮನೆಗಳಿವೆ. ಹುಲಿಗೆಂದು ತಮ್ಮ ಊರನ್ನೇ ಬಿಟ್ಟುಕೊಟ್ಟವರಿದ್ದಾರೆ. ನಾವು ಒಂದು ಕಾಲುದಾರಿಯನ್ನು ಬಿಟ್ಟುಕೊಡಬಹುದು.

ಸಂಜೆ ನಾಲ್ಕಕ್ಕೇ ತಂಗುವ ಜಾಗ ನೋಡಿಕೊಳ್ಳಿ. ಊರಿಗೆ ಬಂದ ಕೂಡಲೇ ಪಂಚಾಯ್ತಿ ಕಚೇರಿಯಲ್ಲೋ, ಶಾಲೆಯಲ್ಲೋ, ಟೀ ಅಂಗಡಿಯಲ್ಲೋ ನಿಮ್ಮ ಹೆಸರು ಹೇಳಿ. ಫೋಟೋ ತೆಗೆಯುವ ಮೊದಲು ಕೇಳಿ. ಊರಿನವರ ಮನೆ ಸಂಗತಿ ಬರೆಯುವುದಾದರೆ ಹೆಸರು ಬಿಡಿ. ಅನ್ನ ಹಾಕಿದವರ ಬಡತನವನ್ನು ಬಣ್ಣಿಸಿ ಹೆಸರು ಮಾಡಬೇಡಿ.

ದಾರಿಯ ಬದಿಯ ಮನೆಯವರಿಗೂ ಒಂದು ಮಾತು. ನಿಮ್ಮ ಊರಿನಲ್ಲಿ ಯಾರೋ ಒಬ್ಬರು ಚೀಲ ಹೊತ್ತು ನಡೆದು ಬಂದರೆ ಖಂಡಿತ ಪ್ರಶ್ನೆ ಕೇಳಿ. ಬರೆಯುವವರು ಎಂದು ಗೊತ್ತಾದರೆ ಇನ್ನೂ ಎರಡು ಹೆಚ್ಚು ಕೇಳಿ. ಬರೆದದ್ದನ್ನು ನಮಗೆ ತಂದು ತೋರಿಸುತ್ತೀರಾ ಎಂದು ಕೇಳಿ. ಆ ಪ್ರಶ್ನೆಗೆ ಹೌದು ಎಂದವರನ್ನು ನಂಬಿ.

ಬರೆಯುವ ಗೆಳೆಯರೇ, ದೂರದ ಹಿಮಾಲಯಕ್ಕೇ ಹೋಗಬೇಕೆಂದಿಲ್ಲ. ನಿಮ್ಮ ಊರಿನಿಂದ ಪಕ್ಕದ ತಾಲ್ಲೂಕಿನ ಊರಿಗೆ ಒಮ್ಮೆ ನಡೆದು ಹೋಗಿ. ಬಂದು ಬರೆಯಿರಿ. ಬರೆದದ್ದನ್ನು ಪತ್ರಿಕೆಗೆ ಕಳಿಸುವ ಮೊದಲು ಅದೇ ದಾರಿಯಲ್ಲಿ ಮತ್ತೆ ಹೋಗಿ ಆ ಊರಿನ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿ. ಅವರು ತಿದ್ದಿದ್ದನ್ನು ತಿದ್ದಿಕೊಳ್ಳಿ. ಆಮೇಲೆ ಅಚ್ಚಿಗೆ ಕೊಡಿ.